ತೆರವು, ಖಾಲಿ, ಸ್ಥಳಾಂತರ: ಜಾಗ ಬಿಡುವ ಮಾತನ್ನು ಸರಿಯಾಗಿ ಓದುವುದು, ಬರೆಯುವುದು ಹೇಗೆ?

'ನೋಟಿಸ್‌ನಲ್ಲಿ ತೆರವುಗೊಳಿಸತಕ್ಕದ್ದು ಅಂತ ಬರೆದಿದ್ದಾರೆ. ಕಟ್ಟಡ ಒಡೀತಾರಾ, ಇಲ್ಲಾ ನಾವು ಹೊರಗೆ ಬಂದರೆ ಸಾಕಾ?' 'ಮನೆ ಬಿಡುವ ಪತ್ರದಲ್ಲಿ ಖಾಲಿ ಅನ್ನಬೇಕಾ, ತೆರವು ಅನ್ನಬೇಕಾ?' 'ಜನರ ತೆರವು ಅಂತ ಬರೆದರೆ ತಪ್ಪಾಗುತ್ತಾ?' ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಎಲ್ಲದರ ಬೇರು ಒಂದೇ. 'ತೆರವು' ಅನ್ನುವ ಪದ ಜಾಗಕ್ಕೂ ಸಲ್ಲುತ್ತದೆ, ಜಾಗದ ಮೇಲೆ ಕೂತಿರುವ ವಸ್ತುವಿಗೂ ಸಲ್ಲುತ್ತದೆ. ಎರಡರಲ್ಲಿ ಯಾವುದು ಅಂತ ಗೊತ್ತಾಗದಿದ್ದರೆ ಇಡೀ ಕಾಗದದ ಅರ್ಥವೇ ಬದಲಾಗಿಬಿಡುತ್ತದೆ.

ಇದಕ್ಕೆ ನಿಘಂಟು ಬೇಕಾಗಿಲ್ಲ. ನಿಮ್ಮ ಕೈಯಲ್ಲಿರುವ ನೋಟಿಸ್, ಆದೇಶ ಅಥವಾ ನೀವು ಬರೆಯಬೇಕಿರುವ ಪತ್ರ, ಜೊತೆಗೆ ಒಂದು ಪೆನ್ಸಿಲ್ ಇದ್ದರೆ ಸಾಕು. ಈ ಕ್ರಮದಲ್ಲಿ ನೋಡುತ್ತಾ ಹೋಗಿ.

ಹಂತ 1: ಕೊನೆಗೆ ಏನು ಉಳಿಯುತ್ತದೆ ಅಂತ ಕೇಳಿಕೊಳ್ಳಿ

ವಾಕ್ಯದಲ್ಲಿ 'ತೆರವು' ಎಲ್ಲಿದೆ ನೋಡಿ. ಅದರ ಹಿಂದಿನ ಪದಕ್ಕೆ ಗೆರೆ ಎಳೆಯಿರಿ. ಆಮೇಲೆ ಒಂದೇ ಪ್ರಶ್ನೆ: ಕೆಲಸ ಮುಗಿದ ಮೇಲೆ ಗೆರೆ ಎಳೆದ ವಸ್ತು ಇರುತ್ತದೋ, ಇಲ್ಲವೋ?

'ಮಳಿಗೆ ತೆರವು' ಅಂದಾಗ ಮಳಿಗೆ ಉಳಿಯುತ್ತದೆ. ಒಳಗಿನ ಸಾಮಾನು, ಬಾಡಿಗೆದಾರರು ಹೊರಗೆ ಹೋಗುತ್ತಾರೆ. 'ಒತ್ತುವರಿ ತೆರವು' ಅಂದಾಗ ಒತ್ತುವರಿ ಉಳಿಯುವುದಿಲ್ಲ, ಅದರ ಕೆಳಗಿದ್ದ ಕೆರೆ ಅಂಗಳವೋ ರಾಜಕಾಲುವೆಯೋ ಉಳಿಯುತ್ತದೆ. ಒತ್ತುವರಿ ಅಂದರೆ ತನ್ನದಲ್ಲದ ಜಾಗಕ್ಕೆ ಬೇಲಿ, ಗೋಡೆ, ಬೆಳೆ ಏನಾದರೂ ಚಾಚಿಕೊಂಡು ಸೇರಿಸಿಕೊಂಡಿರುವುದು. 'ಮರ ತೆರವು', 'ಫ್ಲೆಕ್ಸ್ ತೆರವು', 'ಅವಶೇಷ ತೆರವು' ಎಲ್ಲವೂ ಇದೇ ಜಾತಿಗೆ ಸೇರಿದವು. ಹೋಗುವುದು ವಸ್ತು, ಸಿಗುವುದು ಜಾಗ. ಮನೆ ಮುಂದಿನ 'ಮರ ತೆರವಿಗೆ ಅನುಮತಿ ಕೊಡಿ' ಅಂತ ಅರ್ಜಿ ಕೊಟ್ಟರೆ ನೀವು ಕೇಳಿದ್ದು ಮರ ಕಡಿಯಲು. ಕೊಂಬೆ ಸವರಿದರೆ ಸಾಕು ಅನ್ನುವುದಾದರೆ 'ಕೊಂಬೆ ಕತ್ತರಿಸಲು' ಅಂತಲೇ ಬರೆಯಿರಿ.

ನಿಜವಾದ ತೊಡಕು ಇರುವುದು ಎರಡೂ ಅರ್ಥ ಬರುವ ಪದಗಳಲ್ಲಿ. 'ಅಂಗಡಿ ತೆರವುಗೊಳಿಸಿ.' ಅಂಗಡಿ ಅಂದರೆ ಪಾಲಿಕೆ ಕಟ್ಟಿಸಿದ ಮಳಿಗೆಯಾಗಿದ್ದರೆ ಅದನ್ನು ಖಾಲಿ ಮಾಡಿಕೊಡಬೇಕು. ಅದೇ ಪಾದಚಾರಿ ಮಾರ್ಗದ ಮೇಲಿನ ಪೆಟ್ಟಿಗೆ ಅಂಗಡಿಯಾಗಿದ್ದರೆ ಪೆಟ್ಟಿಗೆಯನ್ನೇ ಎತ್ತಬೇಕು. 'ಕಟ್ಟಡ ತೆರವು' ಇನ್ನೂ ಅಪಾಯದ್ದು. ಪತ್ರಿಕೆಗಳಲ್ಲಿ ಇದನ್ನು ಒಡೆದು ಹಾಕುವುದಕ್ಕೂ ಬಳಸುತ್ತಾರೆ, ಒಳಗಿದ್ದವರನ್ನು ಹೊರಗೆ ಕಳಿಸುವುದಕ್ಕೂ ಬಳಸುತ್ತಾರೆ. ನನ್ನ ಮಟ್ಟಿಗೆ ಎರಡನೆಯ ಬಳಕೆಯೇ ಸರಿ. ಒಡೆಯುವುದಾದರೆ 'ಕೆಡವುವುದು' ಅಥವಾ 'ನೆಲಸಮ' ಅಂತ ನೇರವಾಗಿ ಹೇಳಬೇಕು. ಒಂದು ಕುಟುಂಬದ ಸೂರು ಹೋಗುವ ವಿಷಯವನ್ನು ಮೆತ್ತನೆಯ ಪದದಲ್ಲಿ ಸುತ್ತಿ ಕೊಡುವುದು ಸರಿಯಲ್ಲ.

ಎಚ್ಚರ: ನಿಮಗೆ ಬಂದ ಕಾಗದದಲ್ಲಿ 'ಕಟ್ಟಡ ತೆರವು' ಅಂತಿದ್ದರೆ ನೀವೇ ಅರ್ಥ ಊಹಿಸಿಕೊಳ್ಳಬೇಡಿ. ಅದರಲ್ಲಿ ಹೇಳಿರುವ ಕಾಯ್ದೆ ಮತ್ತು ಕಲಂ ಸಂಖ್ಯೆ ನೋಡಿ. ಸರ್ಕಾರಿ ಕಟ್ಟಡದಲ್ಲಿ ಹಕ್ಕಿಲ್ಲದೆ ಇರುವವರನ್ನು ಹೊರಗೆ ಹಾಕುವುದಕ್ಕೆ ಬೇರೆ ಕಾಯ್ದೆ ಇದೆ. ಕರ್ನಾಟಕದಲ್ಲಿ ಅದು 1974ರದು. ನಕ್ಷೆ ಮೀರಿ ಕಟ್ಟಿದ್ದನ್ನು ಕೆಡವುವುದು ಬೇರೆ ಕಾಯ್ದೆಗಳ ಅಡಿಯಲ್ಲಿ. ಕಲಂ ಗೊತ್ತಾದರೆ 'ತೆರವು' ಯಾವುದಕ್ಕೆ ಅಂತ ತಾನಾಗಿಯೇ ಗೊತ್ತಾಗುತ್ತದೆ.

ಹಂತ 2: ಕ್ರಿಯಾಪದದ ಬಾಲ ಹಿಡಿಯಿರಿ

'ತೆರವು' ನಾಮಪದ. ಅದಕ್ಕೆ ಅಂಟಿಕೊಳ್ಳುವ ಕ್ರಿಯಾಪದವೇ ಕೆಲಸ ಯಾರದು ಅಂತ ಹೇಳುತ್ತದೆ. ನೋಟಿಸ್ ಓದುವಾಗ ಜಾಸ್ತಿ ಜನ ಜಾರುವುದು ಇಲ್ಲೇ.

'ತೆರವಾಗು' ಅಂದರೆ ತಾನಾಗಿ ಆಗುವುದು. ಯಾರು ಮಾಡಿದರು ಅನ್ನುವುದು ಅದರಲ್ಲಿ ಕಾಣಿಸುವುದಿಲ್ಲ. 'ತೆರವು ಮಾಡು', 'ತೆರವುಗೊಳಿಸು' ಎರಡರ ಅರ್ಥವೂ ಒಂದೇ. ಮೊದಲನೆಯದು ಮಾತಿನಲ್ಲಿ ಜಾಸ್ತಿ, ಎರಡನೆಯದು ಬರಹದಲ್ಲಿ. 'ತೆರವು ಮಾಡಿಸು' ಅಂದರೆ ಇನ್ನೊಬ್ಬರ ಕೈಯಿಂದ ಮಾಡಿಸುವುದು.

ಈಗ ಕಚೇರಿ ಕಾಗದದ ಎರಡು ವಾಕ್ಯಗಳನ್ನು ಪಕ್ಕಪಕ್ಕ ಇಡಿ:

'ಸದರಿ ಜಾಗವನ್ನು 7 ದಿನಗಳೊಳಗಾಗಿ ತೆರವುಗೊಳಿಸತಕ್ಕದ್ದು.'

'ತಪ್ಪಿದಲ್ಲಿ ಸದರಿ ಜಾಗವನ್ನು ತೆರವುಗೊಳಿಸಲಾಗುವುದು.'

ಮೊದಲ ವಾಕ್ಯದ 'ತಕ್ಕದ್ದು' ನಿಮ್ಮ ಮೇಲಿನ ಹೊಣೆ. ಏಳು ದಿನದಲ್ಲಿ ನೀವು ಬಿಡಬೇಕು. ಎರಡನೆಯದರ 'ಲಾಗುವುದು' ಕಚೇರಿ ತಾನು ಮಾಡುವುದಾಗಿ ಕೊಡುವ ಎಚ್ಚರಿಕೆ. 'ಸದರಿ' ಅಂದರೆ ಮೇಲೆ ಹೇಳಿದ. 'ತಪ್ಪಿದಲ್ಲಿ' ಅಂದರೆ ಹಾಗೆ ಮಾಡದಿದ್ದರೆ. ಈ ಒಂದು ಪದ ಎರಡು ವಾಕ್ಯಗಳ ನಡುವೆ ಇದೆಯೇ ಅಂತ ಖಂಡಿತ ನೋಡಿ. ಅದಿದ್ದರೆ ನಿಮಗೆ ಗಡುವು ಇದೆ, ಅಷ್ಟರೊಳಗೆ ಉತ್ತರ ಕೊಡಲು ದಾರಿಯಿದೆ. ಅದಿಲ್ಲದೆ ನೇರವಾಗಿ 'ತೆರವುಗೊಳಿಸಲಾಗುವುದು' ಅಂತಿದ್ದರೆ ಸುಮ್ನೆ ಕೂರಬೇಡಿ, ಅದೇ ದಿನ ವಕೀಲರ ಹತ್ತಿರ ಹೋಗಿ. 'ಏಕೆ ತೆರವುಗೊಳಿಸಬಾರದು ಎಂಬುದಕ್ಕೆ ಕಾರಣ ನೀಡತಕ್ಕದ್ದು' ಅಂತಿದ್ದರೆ ಅದು ಇನ್ನೂ ಆದೇಶವಲ್ಲ, ಕಾರಣ ಕೇಳುವ ನೋಟಿಸ್. ಅದಕ್ಕೆ ಬರವಣಿಗೆಯಲ್ಲೇ ಉತ್ತರ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.

ನೀವು ದೂರು ಬರೆಯುವಾಗಲೂ ಇದನ್ನು ನೆನಪಿಡಿ. 'ನಮ್ಮ ಮನೆ ತೆರವಾಯಿತು' ಅಂತ ಬರೆದರೆ ಮಾಡಿದವರು ಯಾರೂ ಇಲ್ಲದಂತಾಗುತ್ತದೆ. 'ಇಂಥ ದಿನ, ಇಂಥ ಕಚೇರಿಯ ಸಿಬ್ಬಂದಿ ನಮ್ಮ ಮನೆ ಕೆಡವಿದರು' ಅಂತ ಬರೆಯಿರಿ.

ಹಂತ 3: 'ಖಾಲಿ'ಯೋ 'ತೆರವು'ವೋ ನಿರ್ಧರಿಸಿ

'ಖಾಲಿ' ಅರಬಿ ಮೂಲದ್ದು. ಪಾರಸಿ, ಉರ್ದು ಹಾದು ನಮ್ಮಲ್ಲಿಗೆ ಬಂದು ಮನೆಮಾತಾಗಿದೆ. 'ತೆರವು' ನಮ್ಮದೇ ಪದ, 'ತೆರಪು' ಅನ್ನುವುದರ ನೆಂಟ. 'ಎಡೆತೆರಪಿಲ್ಲದೆ ಮಳೆ ಸುರಿಯಿತು' ಅನ್ನುತ್ತೇವಲ್ಲ, ಅದೇ ತೆರಪು. ನಡುವೆ ಸಿಗುವ ಜಾಗ, ಬಿಡುವು ಅಂತ ಅರ್ಥ.

ಬಳಕೆಯಲ್ಲಿ ಇವುಗಳ ವ್ಯತ್ಯಾಸ ಸರಳ. 'ಖಾಲಿ' ಈಗಿನ ಸ್ಥಿತಿ ಹೇಳುತ್ತದೆ. ಮೊದಲು ಅಲ್ಲಿ ಏನಾದರೂ ಇತ್ತೋ ಇಲ್ಲವೋ ಅದಕ್ಕೆ ಸಂಬಂಧವಿಲ್ಲ. 'ತೆರವು' ಅಂದರೆ ಮೊದಲು ಏನೋ ಇತ್ತು, ಈಗ ಹೋಯಿತು. ಹೊಸದಾಗಿ ಮಂಜೂರಾಗಿ ಇನ್ನೂ ಯಾರನ್ನೂ ನೇಮಿಸದ ಹುದ್ದೆ 'ಖಾಲಿ ಹುದ್ದೆ'. ಇದ್ದವರು ನಿವೃತ್ತರಾದರೆ ಅದು 'ತೆರವಾದ ಹುದ್ದೆ', ಹಾಗೆಯೇ ಖಾಲಿಯೂ ಹೌದು. ಕಟ್ಟಿದ ದಿನದಿಂದ ಯಾರೂ ಬಾರದ ಮನೆಗೆ 'ತೆರವಾದ ಮನೆ' ಅನ್ನಲು ಬರುವುದಿಲ್ಲ.

'ಖಾಲಿ' ಇನ್ನೊಂದು ಅರ್ಥವನ್ನೂ ಹೊತ್ತಿದೆ: ಮುಗಿದುಹೋಗುವುದು. 'ಸಕ್ಕರೆ ಖಾಲಿ', 'ಟಿಕೆಟ್ ಖಾಲಿ'. ಇಲ್ಲೊಂದು ಗೊಂದಲ ಹುಟ್ಟುತ್ತದೆ. 'ಸೀಟು ಖಾಲಿ ಇದೆ' ಅಂದರೆ ನೀವು ಕೂರಬಹುದು. 'ಸೀಟು ಖಾಲಿ ಆಯ್ತು' ಅಂದರೆ ಒಬ್ಬರು ಎದ್ದು ಹೋದರು ಅಂತಲೂ ಆಗುತ್ತದೆ, ಸೀಟೆಲ್ಲಾ ಮುಗಿಯಿತು ಅಂತಲೂ ಆಗುತ್ತದೆ. ಪ್ರಕಟಣೆ ಬರೆಯುವವರು 'ಸೀಟುಗಳು ಲಭ್ಯ' ಅಥವಾ 'ಸೀಟುಗಳು ಭರ್ತಿ' ಅಂತ ಬಿಡಿಸಿ ಬರೆದರೆ ಒಳ್ಳೆಯದು.

ಮಾತಿನ ಬಿಸಿಯೂ ಇದೆ. 'ಮನೆ ಖಾಲಿ ಮಾಡಿ' ಸಾಮಾನ್ಯ ಮಾತು. 'ಜಾಗ ಖಾಲಿ ಮಾಡು' ಅಂದರೆ ಇಲ್ಲಿಂದ ತೊಲಗು ಅಂತ. ಬಾಡಿಗೆದಾರರಿಗೆ ಬರೆಯುವ ಪತ್ರದಲ್ಲಿ 'ಜಾಗ ಖಾಲಿ ಮಾಡಿ' ಬೇಡವೇ ಬೇಡ. ಧಾರವಾಡದ ಕಡೆ 'ಖುಲ್ಲಾ' ಕೂಡ ಕೇಳುತ್ತೀರಿ. 'ಖುಲ್ಲಾ ಜಾಗ' ಅಂದರೆ ಕಟ್ಟಡ ಇಲ್ಲದ ಬಯಲು ಜಾಗ. ಅದನ್ನು 'ತೆರವಾದ ಜಾಗ' ಅಂತ ತಿದ್ದಿದರೆ ಅರ್ಥ ಕೆಡುತ್ತದೆ.

'ಬರಿದು' ಪಾತ್ರೆ, ಬಾವಿ, ಬೊಕ್ಕಸಕ್ಕೆ ಸರಿ. ಬಾಡಿಗೆ ಮನೆಗೆ ಬಳಸಬೇಡಿ, ಅಲ್ಲಿ ಏನೋ ಕಳೆದುಕೊಂಡ ಭಾವ ಬಂದುಬಿಡುತ್ತದೆ.

ಕಾಗುಣಿತ: 'ತೆರವು'. 'ತೆರೆವು', 'ತೆರುವು' ತಪ್ಪು. 'ತೆರು' ಅಂದರೆ ಹಣ ಕೊಡುವುದು, ತೆರಿಗೆ ಬಂದಿದ್ದು ಅದರಿಂದ.

ಹಂತ 4: ಜನರ ಮಾತು ಬಂದರೆ ಪದ ಬದಲಿಸಿ

ಜಾಗವನ್ನು ತೆರವು ಮಾಡಬಹುದು, ಅಡ್ಡಿಯನ್ನು ತೆರವು ಮಾಡಬಹುದು. ಜನರನ್ನು ತೆರವು ಮಾಡುವುದು ಬೇಡ. 'ನದಿ ಪಾತ್ರದ ಜನರ ತೆರವು' ಅಂತ ಬರೆದರೆ ಹಂತ 1ರ ಪ್ರಕಾರ ಜನರೇ ಅಡ್ಡಿ ಅಂತಾಯಿತಲ್ವಾ? ಪ್ರವಾಹ ಬಂದಾಗ ಗ್ರಾಮ ತೆರವಾಗುತ್ತದೆ, ಜನರು ಸ್ಥಳಾಂತರವಾಗುತ್ತಾರೆ. ಹೀಗೆ ಎರಡನ್ನೂ ಬೇರೆ ಇಟ್ಟು ಬರೆಯುವುದಕ್ಕೆ ಹೆಚ್ಚು ಶ್ರಮವೇನೂ ಬೇಕಿಲ್ಲ. ಅಪಾಯದಲ್ಲಿ ಸಿಕ್ಕಿಕೊಂಡವರನ್ನು ಹೊರತರುವುದಾದರೆ 'ರಕ್ಷಿಸಿ ಕರೆತಂದರು' ಅಂದರೆ ಸಾಕು.

ಇಲ್ಲಿ ಕನ್ನಡಕ್ಕೆ ಪದಗಳ ಬರವಿಲ್ಲ. ಒಂದೊಂದರಲ್ಲೂ ಹೋಗುವುದಕ್ಕೆ ಕಾರಣ ಬೇರೆ, ಕಳಿಸುವವರು ಬೇರೆ.

'ಒಕ್ಕಲೆಬ್ಬಿಸು' ಅಂದರೆ ಬದುಕು ಕಟ್ಟಿಕೊಂಡವರನ್ನು ಒತ್ತಾಯದಿಂದ ಎಬ್ಬಿಸುವುದು. ಒಕ್ಕಲು ಅಂದರೆ ನೆಲೆ ನಿಂತ ಸಂಸಾರ, ಉಳುವ ರೈತ. ಕರಾವಳಿಯಲ್ಲಿ ಹೊಸ ಮನೆಗೆ ಕಾಲಿಡುವ ಸಮಾರಂಭಕ್ಕೇ 'ಮನೆ ಒಕ್ಕಲು' ಅನ್ನುತ್ತಾರೆ. ಅದೇ ಒಕ್ಕಲನ್ನು ಎಬ್ಬಿಸುವುದು ಅಂದಾಗ ಪದಕ್ಕೆ ಎಷ್ಟು ತೂಕ ಬರುತ್ತದೆ ನೋಡಿ. ಹಕ್ಕಿನ ಮಾತು ಬರುವಲ್ಲಿ, ನೋವು ಹೇಳಬೇಕಾದಲ್ಲಿ ಇದನ್ನು ಬಳಸಿ. ಗಡುವು ಮುಗಿದ ಬಾಡಿಗೆದಾರರಿಗೆಲ್ಲ ಬಳಸಿದರೆ ಪದ ಸವೆದುಹೋಗುತ್ತದೆ.

'ಗುಳೆ ಹೋಗು' ಅಂದರೆ ಬರ ಬಂದಾಗ, ಕೆಲಸ ಇಲ್ಲದಾಗ ಊರಿನ ಜನ ಗುಂಪುಗುಂಪಾಗಿ ಬೇರೆ ಕಡೆ ದುಡಿಯಲು ಹೋಗುವುದು. ರಾಯಚೂರು, ಯಾದಗಿರಿ, ಕೊಪ್ಪಳ, ಕಲಬುರಗಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೀಗ ಹಾಕಿದ ಮನೆಗಳ ಸಾಲು, ಕಟ್ಟೆಯ ಮೇಲೆ ಮುದುಕರು ಮಾತ್ರ ಉಳಿದ ಓಣಿ, ಅಜ್ಜಿಯ ಹತ್ತಿರ ಬಿಟ್ಟುಹೋದ ಶಾಲೆ ಮಕ್ಕಳು, ಎಲ್ಲವೂ ಆ ಎರಡಕ್ಷರದಲ್ಲಿ ಇದೆ. ಇದರ ಬದಲಿಗೆ 'ವಲಸೆ' ಅಂತ ಬರೆಯುವವರು ಇದ್ದಾರೆ. ವಲಸೆ ದೊಡ್ಡ ಪದ. ಹಕ್ಕಿಗಳಿಗೂ ಬರುತ್ತದೆ, ದೇಶ ಬಿಟ್ಟವರಿಗೂ ಬರುತ್ತದೆ. ಗುಳೆಯಲ್ಲಿ ಮಳೆಗಾಲಕ್ಕೆ ಮರಳಿ ಬರುವ ಆಸೆ ಇದೆ. ಆ ಆಸೆ ಇರುವ ಕಡೆ 'ಗುಳೆ' ಅಂತಲೇ ಬರೆಯಿರಿ.

'ಮುಳುಗಡೆ' ಅಣೆಕಟ್ಟಿನ ಹಿನ್ನೀರಿಗೆ ಊರು ಹೋಗುವುದು. ಮಲೆನಾಡಿನವರಿಗೆ ಲಿಂಗನಮಕ್ಕಿ, ಬಾಗಲಕೋಟೆಯವರಿಗೆ ಆಲಮಟ್ಟಿ. ಲಿಂಗನಮಕ್ಕಿ ಅಣೆಕಟ್ಟು ಮುಗಿದಿದ್ದು 1964ರಲ್ಲಿ. 'ಶರಾವತಿ ಮುಳುಗಡೆ ಸಂತ್ರಸ್ತರು' ಅನ್ನುವ ಮಾತು ಇವತ್ತಿಗೂ ಸುದ್ದಿಯಲ್ಲಿದೆ. ಮುಳುಗಡೆಯವರಿಗೆ 'ಸ್ಥಳಾಂತರಗೊಂಡವರು' ಅಂತ ಬರೆದರೆ ತಪ್ಪಲ್ಲ, ಆದರೆ ಹಿಂದೆ ಹೋಗಲು ಊರೇ ಇಲ್ಲ ಅನ್ನುವ ಸಂಗತಿ ಅದರಲ್ಲಿ ಬರುವುದಿಲ್ಲ.

'ಎತ್ತಂಗಡಿ' ಅಧಿಕಾರಿಯ ವರ್ಗಾವಣೆಗೆ ಪತ್ರಿಕೆಯವರು ಬಳಸುವ ಮಾತು. ಅರ್ಜಿಯಲ್ಲಿ ಬರೆಯುವಂಥದ್ದಲ್ಲ.

ಹಂತ 5: ಕೋರ್ಟು, ಸದನದ ಸುದ್ದಿ ಬರೆಯುವುದಾದರೆ

'ತಡೆಯಾಜ್ಞೆ ತೆರವು' ಅಂದರೆ ಕೋರ್ಟು ತಾನು ಕೊಟ್ಟಿದ್ದ ತಡೆಯನ್ನು ತೆಗೆದುಹಾಕುವುದು. ಮೂಲ ಪ್ರಕರಣ ಮುಗಿಯಿತು ಅಂತಲ್ಲ. ಇದನ್ನು 'ರದ್ದು', 'ವಾಪಸ್' ಜೊತೆ ಬೆರೆಸಬೇಡಿ. ಕೆಳಗಿನ ಕೋರ್ಟಿನ ಅಥವಾ ಸರ್ಕಾರದ ಆದೇಶವನ್ನು ಮೇಲಿನ ಕೋರ್ಟು ಇಲ್ಲವಾಗಿಸಿದರೆ ರದ್ದು. ಕೊಟ್ಟ ಸರ್ಕಾರವೇ ತೆಗೆದುಕೊಂಡರೆ ವಾಪಸ್.

'ತೆರವಾಗು' ಅನ್ನುವುದಕ್ಕೆ ಸಂವಿಧಾನದಲ್ಲೇ ಒಳ್ಳೆಯ ಉದಾಹರಣೆ ಇದೆ. ಎದುರು ಪಕ್ಷಕ್ಕೆ ದಾಖಲೆ ಕೊಡದೆ, ಅವರ ಮಾತು ಕೇಳದೆ ಹೈಕೋರ್ಟು ಮಧ್ಯಂತರ ಆದೇಶ ಕೊಟ್ಟಿದೆ ಅನ್ನಿ. ಅದನ್ನು ತೆರವು ಮಾಡಿ ಅಂತ ಅವರು ಅರ್ಜಿ ಹಾಕಿ, ಅದರ ಪ್ರತಿಯನ್ನು ಮೊದಲ ಪಕ್ಷಕ್ಕೆ ತಲುಪಿಸಿದರೆ, 226(3)ನೇ ವಿಧಿಯ ಪ್ರಕಾರ ಎರಡು ವಾರದೊಳಗೆ ಆ ಅರ್ಜಿ ತೀರ್ಮಾನವಾಗಬೇಕು. ಆಗದಿದ್ದರೆ ಆ ಆದೇಶ ತಾನಾಗಿಯೇ ತೆರವಾಗುತ್ತದೆ ಅನ್ನುತ್ತದೆ ವಿಧಿ.

ಸದನದ ವಿಷಯದಲ್ಲಿ ಒಂದು ತಪ್ಪು ಪದೇ ಪದೇ ಕಾಣುತ್ತದೆ. ಶಾಸಕರು ರಾಜೀನಾಮೆ ಪತ್ರ ಕೊಟ್ಟ ಸಂಜೆಯೇ 'ಸ್ಥಾನ ತೆರವು' ಅಂತ ಬರೆದುಬಿಡುತ್ತಾರೆ. 190ನೇ ವಿಧಿಯ ಪ್ರಕಾರ ಸಭಾಧ್ಯಕ್ಷರು ಅಂಗೀಕರಿಸಿದ ಮೇಲೆಯೇ ಸ್ಥಾನ ತೆರವಾಗುವುದು. 2019ರ ಜುಲೈನಲ್ಲಿ ಕರ್ನಾಟಕದ ಶಾಸಕರ ರಾಜೀನಾಮೆಗಳು ಸುಪ್ರೀಂ ಕೋರ್ಟಿನವರೆಗೆ ಹೋಗಿದ್ದು ಇದೇ ಅಂಗೀಕಾರದ ಪ್ರಶ್ನೆಯ ಮೇಲೆ. ತೆರವಾದ ಮೇಲೆ ಆರು ತಿಂಗಳೊಳಗೆ ಉಪಚುನಾವಣೆ ಆಗಬೇಕು ಅನ್ನುವುದು ಸಾಮಾನ್ಯ ನಿಯಮ. ಉಳಿದ ಅವಧಿ ಒಂದು ವರ್ಷಕ್ಕಿಂತ ಕಡಿಮೆ ಇದ್ದರೆ ಆ ಗಡುವು ಇಲ್ಲ. 2024ರಲ್ಲಿ ಚನ್ನಪಟ್ಟಣ, ಶಿಗ್ಗಾವಿ, ಸಂಡೂರಿನ ಶಾಸಕರು ಲೋಕಸಭೆಗೆ ಆಯ್ಕೆಯಾದರು. ಅವರಿಂದ 'ತೆರವಾದ' ಸ್ಥಾನಗಳಿಗೆ ನವೆಂಬರ್ 13ರಂದು ಮತದಾನ ನಡೆಯಿತು.

ಹಂತ 6: ಬಿಟ್ಟುಹೋದ ಮೇಲೆ ಉಳಿದ ಜಾಗಕ್ಕೆ ಹೆಸರಿಡಿ

'ಹಾಳು', 'ಪಾಳು' ಒಂದೇ ಪದದ ಹೊಸ, ಹಳೆ ರೂಪಗಳು. ಹಳಗನ್ನಡದ ಪಕಾರ ಮುಂದೆ ಹಕಾರವಾಯಿತು. ಆದರೂ ಎರಡೂ ಉಳಿದುಕೊಂಡಿವೆ. 'ಪಾಳು ಬಿದ್ದ ಮನೆ', ಆದರೆ 'ಹಾಳು ಹಂಪೆ'. 1565ರ ಯುದ್ಧದ ನಂತರ ಬರಿದಾದ ರಾಜಧಾನಿಗೆ ಜನ ಅಂಟಿಸಿದ ವಿಶೇಷಣ ಅದು. 'ಬೀಳು' ಬೇರೆ. ಉಳದೆ ಬಿಟ್ಟ ಹೊಲ ಅದು. ಮುಂದಿನ ವರ್ಷ ಉಳಬಹುದು. ಬೀಳು ಬಿಟ್ಟ ಜಮೀನನ್ನು 'ಖರಾಬು' ಅನ್ನಬೇಡಿ. ಪಹಣಿಯಲ್ಲಿ ಖರಾಬು ಅಂದರೆ ಸಾಗುವಳಿಗೆ ಒದಗದ ಭಾಗ. ಅದರಲ್ಲೂ 'ಬಿ ಖರಾಬು' ದಾರಿ, ಹಳ್ಳದಂಥ ಸಾರ್ವಜನಿಕ ಬಳಕೆಗೆ ಮೀಸಲಾದದ್ದು.

ಕಂದಾಯ ಇಲಾಖೆಯ ಒಂದು ಪದವನ್ನು ತುಂಬಾ ಜನ ಕೇಳುತ್ತಾರೆ: 'ಬೇಚರಾಕ್ ಗ್ರಾಮ'. ದಾಖಲೆಯಲ್ಲಿ ಊರಿದೆ, ಸರ್ವೆ ನಂಬರ್ ಇದೆ, ಪಹಣಿ ಇದೆ, ಆದರೆ ಅಲ್ಲಿ ಒಂದೂ ಮನೆ ಇಲ್ಲ. ಪಾರಸಿಯ 'ಬೇ' ಅಂದರೆ ಇಲ್ಲದ, 'ಚಿರಾಗ್' ಅಂದರೆ ದೀಪ. ದೀಪ ಹಚ್ಚುವವರಿಲ್ಲದ ಊರು. ಪಹಣಿಯಲ್ಲಿ ನಿಮ್ಮ ಹೊಲ ಇಂಥ ಊರಿನ ಹೆಸರಿನಲ್ಲಿ ಬಂದರೆ ಗಾಬರಿ ಬೇಡ. ಆ ಜಮೀನಿಗೆ ಏನೂ ದೋಷವಿಲ್ಲ, ಅರ್ಜಿಗಳಲ್ಲಿ ಮಾತ್ರ ಗ್ರಾಮದ ಹೆಸರನ್ನು ಪಹಣಿಯಲ್ಲಿ ಇರುವ ಹಾಗೆಯೇ ಬರೆಯಿರಿ, ನೀವು ವಾಸವಿರುವ ಊರಿನ ಹೆಸರು ಹಾಕಬೇಡಿ. ಇದಕ್ಕೆ ತಲೆಕೆಳಗಾದ ಸಂಗತಿಯೂ ಇದೆ. ಹಟ್ಟಿ, ತಾಂಡಾಗಳಲ್ಲಿ ಜನ ತಲೆಮಾರುಗಳಿಂದ ಇದ್ದಾರೆ, ಎಷ್ಟೋ ಕಡೆ ದಾಖಲೆಯಲ್ಲಿ ಊರೇ ಇರಲಿಲ್ಲ. ಅವುಗಳನ್ನು ಕಂದಾಯ ಗ್ರಾಮ ಮಾಡುವ ಕೆಲಸ ನಡೆದಿರುವುದು ಅದಕ್ಕೇ.

ಹಂತ 7: ಮನೆ ಬಿಡುವ ಪತ್ರ ಬರೆಯಿರಿ

ಮೊದಲು ನಿಮ್ಮ ಬಾಡಿಗೆ ಕರಾರು ತೆಗೆದು ಎಷ್ಟು ಮುಂಚೆ ಹೇಳಬೇಕು ಅಂತ ನೋಡಿ. ಕರಾರಿನಲ್ಲಿ ಏನೂ ಇಲ್ಲದಿದ್ದರೆ, 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಂ ಪ್ರಕಾರ ತಿಂಗಳ ಬಾಡಿಗೆಗೆ 15 ದಿನದ ನೋಟಿಸ್. ಲೆಕ್ಕ ಶುರುವಾಗುವುದು ಕಾಗದ ಅವರ ಕೈ ಸೇರಿದ ದಿನದಿಂದ, ನೀವು ಬರೆದ ದಿನದಿಂದ ಅಲ್ಲ.

ಪತ್ರ ಹೀಗಿದ್ದರೆ ಸಾಕು:

'ಮಾನ್ಯರೇ, ತಮ್ಮ ಮನೆಯ ಮೊದಲ ಮಹಡಿಯಲ್ಲಿ ನಾನು ಬಾಡಿಗೆಗೆ ಇದ್ದೇನೆ. ಕರಾರಿನಂತೆ ಎರಡು ತಿಂಗಳು ಮುಂಚಿತವಾಗಿ ಈ ಪತ್ರ ಕೊಡುತ್ತಿದ್ದೇನೆ. ಬರುವ ಮಾರ್ಚ್ 31ರಂದು ಮನೆ ಖಾಲಿ ಮಾಡಿ, ಬೀಗದ ಕೈ ಒಪ್ಪಿಸಿ, ಖಾಲಿ ಸ್ವಾಧೀನ ಬಿಟ್ಟುಕೊಡುತ್ತೇನೆ. ಅದೇ ದಿನ ಮುಂಗಡ ಹಣದ ಲೆಕ್ಕ ಮುಗಿಸಿಕೊಡಬೇಕೆಂದು ಕೋರುತ್ತೇನೆ.'

ಇದರಲ್ಲಿ 'ತೆರವು' ಇಲ್ಲ ಅನ್ನುವುದನ್ನು ಗಮನಿಸಿ. ಬಿಡುವವರು ನೀವೇ ಆದ್ದರಿಂದ 'ಖಾಲಿ ಮಾಡುತ್ತೇನೆ' ಸಹಜವಾಗಿದೆ, ಸಾಕು. ತೂಕ ಇರುವುದು 'ಖಾಲಿ ಸ್ವಾಧೀನ' ಅನ್ನುವುದಕ್ಕೆ. ಸ್ವಾಧೀನ ಅಂದರೆ ಜಾಗದ ಮೇಲಿನ ಹಿಡಿತ. ನೀವು ಹೊರಗೆ ಹೋಗಿ ಅಟ್ಟದ ಮೇಲೆ ನಾಲ್ಕು ಡಬ್ಬ ಬಿಟ್ಟು ಬೀಗ ಹಾಕಿಕೊಂಡರೆ ಮನೆ ಬಿಟ್ಟ ಹಾಗಾಯಿತು, ಖಾಲಿ ಸ್ವಾಧೀನ ಕೊಟ್ಟ ಹಾಗಾಗಲಿಲ್ಲ. ಮುಂಗಡ ವಾಪಸ್ ಕೊಡುವಾಗ ಜಗಳ ಹತ್ತುವುದು ಇಂಥ ಕಡೆ. ಭೋಗ್ಯಕ್ಕೆ ಇದ್ದವರು, ಅಂದರೆ ತಿಂಗಳ ಬಾಡಿಗೆ ಇಲ್ಲದೆ ದೊಡ್ಡ ಮೊತ್ತ ಕೊಟ್ಟು ಇದ್ದವರು, ಹಣ ಕೈಗೆ ಬರುವುದೂ ಬೀಗದ ಕೈ ಕೊಡುವುದೂ ಒಟ್ಟಿಗೇ ಆಗುವಂತೆ ಬರೆದುಕೊಳ್ಳಿ.

'ಮನೆ ಬಿಡುತ್ತೇನೆ' ಅಂತ ಪತ್ರದಲ್ಲಿ ಬರೆಯಬೇಡಿ. ಮನೆ ಬಿಟ್ಟು ಹೋದ ಅನ್ನುವುದಕ್ಕೆ ಬೇರೆಯೇ ಅರ್ಥ ಇದೆ. ದಿನಾಂಕದ ಪ್ರತ್ಯಯವನ್ನೂ ನೋಡಿಕೊಳ್ಳಿ. '31ರಂದು' ಅಂದರೆ ಅದೇ ದಿನ. '31ರೊಳಗೆ' ಅಂದರೆ ಅದಕ್ಕೆ ಮುಂಚೆ ಯಾವಾಗಲಾದರೂ ಆಗಬಹುದು, ಆಗ ಮಾಲೀಕರು 20ಕ್ಕೇ ಬಂದು ಕೇಳಬಹುದು. '31ರವರೆಗೆ ಖಾಲಿ ಮಾಡುತ್ತೇನೆ' ಅನ್ನುವುದಕ್ಕೆ ಅರ್ಥವೇ ಇಲ್ಲ. '31ರವರೆಗೆ ಇರುತ್ತೇನೆ' ಆಗಬೇಕು.

ಬೀಗದ ಕೈ ಕೊಡುವ ದಿನ ಪತ್ರದ ಇನ್ನೊಂದು ಪ್ರತಿ ಒಯ್ಯಿರಿ. ಅದರ ಕೆಳಗೆ 'ಖಾಲಿ ಸ್ವಾಧೀನ ಪಡೆದಿದ್ದೇನೆ' ಅಂತ ಮಾಲೀಕರ ಕೈಯಲ್ಲೇ ಬರೆಸಿ, ತಾರೀಕು ಹಾಕಿಸಿ, ಸಹಿ ಮಾಡಿಸಿಕೊಂಡು ಬನ್ನಿ.